ಹೆಸರಿಗೆ ಕತ್ತರಿ

೧೯೭೯ ಆಗಸ್ಟ್ ೧೧, ಶನಿವಾರ. ಮಾಸೂರು

ಇಂದು ಮಧ್ಯಾಹ್ನ ವಿಜ್ಞಾನವು ಹಿರೇಕೆರೂರಿನ ಬಸ್ಸಿನ ತಲೆಯ ಮೇಲೆ, ಎರಡು ಮೆಣಸಿನಕಾಯಿ ಚೀಲಗಳ ನಡುವೆ ಕುಳಿತು, ಮಾಸೂರಿಗೆ ದಯಮಾಡಿಸಿತು. ಪಾರ್ಸೆಲ್ ಬಿಚ್ಚಿದರೆ ವೈದ್ಯಕೀಯ ಪತ್ರಿಕೆಯಲ್ಲಿ ಅಚ್ಚಾದ ನನ್ನ ಲೇಖನದ ಐವತ್ತು ಬಿಡಿಪ್ರತಿಗಳು. ಬಿಚ್ಚಿದ ಕೂಡಲೇ ಕಾಂಪೌಂಡರ್ ಬೀರಪ್ಪ ಸೀನಿದ, ನರ್ಸ್ ಬಿಬಿಜಾನ ಸೀನಿದಳು, ಹೊರಗೆ ಸರದಿಯಲ್ಲಿ ಕುಳಿತವರೂ ಒಬ್ಬೊಬ್ಬರಾಗಿ ಸೀನಿದರು. ನನ್ನ ಸಂಶೋಧನೆಗೆ ಸಾರ್ವಜನಿಕರಿಂದ ಬಂದ ಮೊದಲ ಪ್ರತಿಕ್ರಿಯೆ ಇದೆಂದು ದಾಖಲಿಸುತ್ತೇನೆ.

ಪ್ರಸಿದ್ಧರು ದಿನಚರಿ ಇಡುತ್ತಾರಂತೆ. ಪ್ರಸಿದ್ಧಿ ಬಂದ ಮೇಲೆ ಹಳೆಯ ತಾರೀಖು ಹಾಕಿ ಬರೆಯುವುದು ಮೋಸವಾದೀತೆಂದು ಇಂದೇ ಶುರು ಮಾಡಿದ್ದೇನೆ.

ಲೇಖನದ ಸಾರವನ್ನು, ಮುಪ್ಪಿನಲ್ಲಿ ನನಗೇ ಮರೆತೀತೆಂದು, ಬರೆದಿಡುತ್ತೇನೆ. ನಮ್ಮ ಆರೋಗ್ಯ ಕೇಂದ್ರಕ್ಕೆ ಬರುವ ಪ್ರತಿಯೊಬ್ಬರಿಗೂ ಒಂದು ರಟ್ಟಿನ ಕಾರ್ಡು. ಅದರ ಅಂಚಿಗೆಲ್ಲ ಸಾಲಾಗಿ ತೂತುಗಳು: ಒಂದು ಜ್ವರಕ್ಕೆ, ಒಂದು ಕೆಮ್ಮಿಗೆ, ಒಂದು ಬಸಿರಿಗೆ. ಕೆಮ್ಮು ಬಂದವರ ಕಾರ್ಡಿನಲ್ಲಿ ಕೆಮ್ಮಿನ ತೂತನ್ನು ಕತ್ತರಿಯಿಂದ ಅಂಚಿನವರೆಗೆ ಸೀಳಿಬಿಡುವುದು. ಊರಲ್ಲಿ ಕೆಮ್ಮಿನವರು ಯಾರ್ಯಾರು ಎಂದು ತಿಳಿಯಬೇಕಾದಾಗ ಕಾರ್ಡಿನ ಕಟ್ಟು ಹಿಡಿದು, ಕೆಮ್ಮಿನ ತೂತಿಗೆ ಉದ್ದಕ್ಕೂ ಒಂದು ದಬ್ಬಣ ಪೋಣಿಸಿ ಮೇಲೆತ್ತಬೇಕು. ಕೆಮ್ಮಿಲ್ಲದವರು ದಬ್ಬಣಕ್ಕೆ ಜೋತುಕೊಂಡಿರುತ್ತಾರೆ. ಕೆಮ್ಮಿನವರು ತಟತಟನೆ ಉದುರುತ್ತಾರೆ. ಪರದೇಶದಲ್ಲಿ ಈ ಕೆಲಸವನ್ನು ಕೋಣೆಯಷ್ಟು ದೊಡ್ಡ ಕಂಪ್ಯೂಟರು ಮಾಡುತ್ತದಂತೆ. ನಮ್ಮಲ್ಲಿ ಅವ್ವನ ದಬ್ಬಣ ಮಾಡುತ್ತದೆ.

ಇದು ಅಲಂಕಾರದ ಮಾತಲ್ಲ. ಅಪ್ಪ ಶಿಗ್ಗಾಂವ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಕಾಲಕ್ಕೆ ಅವ್ವ ಜೋಳದ ಚೀಲಗಳ ಬಾಯಿ ಹೊಲಿಯುತ್ತಿದ್ದ ದಬ್ಬಣವೇ ಅದು.

ಲೇಖನದ ಕಿರೀಟವೆಂದರೆ ಕೊನೆಯ ಕೋಷ್ಟಕ. ಕಾರ್ಡಿನ ಮೂಲೆಯ ಒಂದು ತೂತು ತೀರಿಕೊಂಡವರಿಗೆ ಮೀಸಲು. ಐದು ವರ್ಷದ ಕಾರ್ಡುಗಳನ್ನು ಆ ತೂತಿಗೆ ಪೋಣಿಸಿ ಎತ್ತಿದರೆ ಉದುರಿದವರು ತೀರ ಕಡಿಮೆ. ತಾಲೂಕಿನ ಉಳಿದ ಊರುಗಳ ಅರ್ಧದಷ್ಟೂ ಇಲ್ಲ. ಕಾರ್ಡಿಟ್ಟು ಬೆನ್ನುಹತ್ತಿದರೆ ಜನ ಅಷ್ಟು ಸುಲಭಕ್ಕೆ ಸಾಯುವುದಿಲ್ಲ ಎಂದು ನಾನು ಲೋಕಕ್ಕೆ ತೋರಿಸಿದ್ದೇನೆ.

ಅವ್ವನಿಗೆ ಓದು ಬಾರದು. "ಇದರಾಗ ನಿನ್ನ ಹೆಸರು ಎಲ್ಲೈತಿ ತೋರಸ ತಂಗೆವ್ವಾ" ಎಂದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು, "ಬೀರಪ್ಪಾ, ನೀ ಒಮ್ಮೆ ಓದಪಾ" ಎಂದಳು. ಅವನು ಗಂಟಲು ಸರಿಮಾಡಿಕೊಂಡು "ಡಾಕ್ಟರ್ ಕರೆವ್ವ" ಎಂದು ಓದಿದ. ಅವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು.

ಕರೆವ್ವ ಎಂಬುದು ಅವ್ವನ ಅತ್ತೆಯ ಹೆಸರು. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ತರುವಂತಿಲ್ಲ. ಆ ಅಜ್ಜಿ ತೀರಿಕೊಂಡ ವರ್ಷವೇ ಹುಟ್ಟಿ, ಆಕೆಯ ಹೆಸರು ಹೊತ್ತ ನನ್ನನ್ನು ಅವ್ವ ತೊಟ್ಟಿಲಿನಿಂದಲೂ ತಂಗೆವ್ವ ಎಂದೇ ಕರೆಯುತ್ತಾಳೆ. ನನಗೀಗ ಮೂವತ್ತಾರು. ಒಮ್ಮೆಯೂ ಹೆಸರು ಹಿಡಿದು ಕರೆದಿಲ್ಲ. ಪತ್ರಿಕೆಯವರು ಮೊದಲ ಸಲಕ್ಕೇ ಕರೆದರು.

ಅಕ್ಟೋಬರ್ ೪

ಪ್ರಭಾವ ಆರಂಭವಾಗಿದೆ. ಅಂಚೆಯ ಫಕ್ರುಸಾಬ ಮೂರು ಪರದೇಶಿ ಪೋಸ್ಟ್‌ಕಾರ್ಡುಗಳನ್ನು ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ, ಅಷ್ಟು ಭಕ್ತಿಯಿಂದ ತಂದುಕೊಟ್ಟ. ಪೋಲಂಡ್, ಹಂಗೇರಿ, ಝೆಕೊಸ್ಲೊವಾಕಿಯಾ. ಮೂವರದೂ ಒಂದೇ ಮಾತು: ಮಾನ್ಯರೇ, ತಮ್ಮ ಲೇಖನದ ಪ್ರತಿ ಕಳಿಸುವ ಕೃಪೆ ಮಾಡಬೇಕು.

"ಯಾರ್ರಿ ಬಾಯಾರ ಇವರು? ನಿಮ್ಮ ಬೀಗರೇನ್ರಿ?"

"ಓದುಗರು."

"ಅಷ್ಟು ದೂರದವರು ಓದ್ತಾರ? ನಮ್ಮ ಊರಾಗ ಬೋರ್ಡ್ ಹಾಕಿದ್ರೂ ಯಾರೂ ಓದಂಗಿಲ್ಲಲ್ರಿ."

ಅವ್ವ ಕಾರ್ಡುಗಳನ್ನು ದೇವರ ಫೋಟೋದ ಹಿಂದೆ ಸಿಕ್ಕಿಸಿದಳು. ಆಮೇಲೆ ಒಲೆಯ ಮುಂದೆ ಕುಳಿತು, ಸಹಜವೆಂಬಂತೆ, "ಅವರಾಗ ಮದಿವಿ ಆಗದವರು ಯಾರರ ಅದಾರೇನು?" ಎಂದು ಕೇಳಿದಳು. ಮದುವೆಗೆ ನನ್ನ ಕಾರ್ಡಿನಲ್ಲಿ ತೂತೇ ಇಲ್ಲವೆಂದೆ. "ಹಾಕಸ್ಕೋ. ತೂತು ಹಾಕೂದ ನಿನ್ನ ಉದ್ಯೋಗ ಐತಲ್ಲ" ಎಂದಳು.

ಮೊದಲ ಕಾರ್ಡುಗಳು ನೆನಪಾದವು. ೧೯೭೪ರಲ್ಲಿ ಇಲ್ಲಿಗೆ ಬಂದಾಗ ರಟ್ಟಿಗಾಗಿ ಹಿರೇಕೆರೂರಿನ ಪ್ರೆಸ್ಸಿಗೆ ಹೋಗಿದ್ದೆ. ಅವರಲ್ಲಿದ್ದದ್ದು ಮದುವೆ ಪತ್ರಿಕೆಯ ರಟ್ಟು ಮಾತ್ರ. ಹೀಗಾಗಿ ಮಾಸೂರಿನ ಕ್ಷಯ, ಕಾಮಾಲೆ, ಕಜ್ಜಿಗಳೆಲ್ಲ ಶ್ರೀ ಗಣೇಶನ ಚಿತ್ರವಿರುವ ಕಾರ್ಡಿನ ಮೇಲೆಯೇ ದಾಖಲಾದವು. ತೂತು ಹಾಕುವಾಗ ಗಣಪತಿಗೆ ತಗಲಬಾರದೆಂದು ಬೀರಪ್ಪ ನಾಲಗೆ ಕಚ್ಚಿಕೊಂಡು ಹೊಡೆಯುತ್ತಿದ್ದ. ಬಿಬಿಜಾನ ರಜೆಗೆ ಸವಣೂರಿಗೆ ಹೋದಾಗಲೆಲ್ಲ ಅವ್ವನಿಗೆ ವೀಳ್ಯದೆಲೆ ಕಟ್ಟಿಸಿ ತರುತ್ತಿದ್ದಳು. ಸಂಜೆ ಮೂವರೂ ಕಟ್ಟೆಯ ಮೇಲೆ ಕುಳಿತು ತೂತು ಹಾಕುವುದು, ಅವ್ವ ಎಲೆ ಮಡಿಚುತ್ತ ನಮ್ಮನ್ನು ಆಡಿಕೊಳ್ಳುವುದು. ಎಷ್ಟು ಬೇಗ ಐದು ವರ್ಷ!

ನವೆಂಬರ್ ೧೪

ಮುಂಬಯಿಯಿಂದ ಪತ್ರ. ದೊಡ್ಡ ಪ್ರೊಫೆಸರರು. ನನ್ನ ಕೊನೆಯ ಕೋಷ್ಟಕ ಅವರನ್ನು "ಬೆರಗುಗೊಳಿಸಿದೆ". ನನ್ನ ಪದ್ಧತಿಯನ್ನು ಹನ್ನೆರಡು ತಾಲೂಕುಗಳಲ್ಲಿ ಹಾಕುವ ಯೋಜನೆಯಿದೆ, ಅದಕ್ಕೆ ಮುಖ್ಯಸ್ಥೆಯಾಗಿ ಮುಂಬಯಿಗೆ ಬರಲು ನನಗೆ ಮನಸ್ಸುಂಟೇ ಎಂದು ಕೇಳಿದ್ದಾರೆ. ಜನವರಿಯಲ್ಲಿ ತಾವೇ ಬಂದು ನೋಡಿಹೋಗುತ್ತಾರಂತೆ.

ಮನಸ್ಸುಂಟೇ! ಗಂಭೀರವಾಗಿರಲು ಬಹಳ ಪ್ರಯತ್ನಿಸಿದೆ. ಔಷಧಿ ಕೋಣೆಯ ಬಾಗಿಲು ಹಾಕಿಕೊಂಡು ಸ್ವಲ್ಪ ಕುಣಿದೆ. ಕಿಟಕಿ ತೆರೆದಿತ್ತೆಂದು ಆಮೇಲೆ ತಿಳಿಯಿತು.

ಅವ್ವ: "ಮುಂಬಯ್ಯಾಗ ಜ್ವಾಳದ ರೊಟ್ಟಿ ಸಿಗತಾವೇನು?"

"ನೀ ಬಂದ್ರ ಸಿಗತಾವ."

"ನೋಡೂಣು" ಎಂದಳು. ಅವ್ವನ ನೋಡೋಣ ಎಂದರೆ ಇಲ್ಲ ಎಂದರ್ಥ. ಆದರೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರು ತೆಗೆದುಕೊಂಡಳು. ಮುಂಬಯಿಯಲ್ಲಿ ಒಳ್ಳೆಯ ಹೃದಯದ ಡಾಕ್ಟರಿದ್ದಾರೆ. ಅದೂ ಒಂದು ಕಾರಣ.

ಡಿಸೆಂಬರ್ ೬

ಇಂದು ಒಂದು ಪವಾಡ ನಡೆಯಿತು. ಬೇಡವಾಗಿತ್ತು.

ಕೆರೆಯ ಕೆಳಗಿನ ಓಣಿಯ ಹೆಣ್ಣುಮಗಳೊಬ್ಬಳು ಕೂಸನ್ನು ಎತ್ತಿಕೊಂಡು ಬಂದು, "ಗುತ್ತೆಪ್ಪಗ ಸೂಜಿ ಹಾಕ್ರಿ ಬಾಯಾರ" ಎಂದಳು. ಬಿಬಿಜಾನ ಇರಲಿಲ್ಲ. ನಾನೇ ಕಾರ್ಡು ತೆಗೆದೆ. ಗುತ್ತೆಪ್ಪ, ಗಂಡಸು, ವಯಸ್ಸು ಎಪ್ಪತ್ತು, ತಂಬಾಕಿನ ಕೆಮ್ಮು, ಕಣ್ಣಿಗೆ ಪೊರೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ: ನಾಯಿಕೆಮ್ಮಿನ ಲಸಿಕೆ, ಮೊದಲನೆಯದು.

"ಗುತ್ತೆಪ್ಪ ಎಲ್ಲೆವ್ವ?"

"ಇಲ್ಲೇ ಅದಾನಲ್ರಿ" ಎಂದು ಕೂಸನ್ನು ಮುಂದೆ ಹಿಡಿದಳು.

"ಇವನಲ್ಲ. ಕಾರ್ಡಿನ್ಯಾಗಿನ ಗುತ್ತೆಪ್ಪ. ಅಜ್ಜ."

"ಅಜ್ಜ ಮೊನ್ನೆ ಸುಗ್ಯಾಗ ಹೋದ್ನಲ್ರಿ."

"ಮತ್ತ ಅವನ ಕಾರ್ಡು ಇವಗ್ಯಾಕ?"

ಆಕೆ ನನ್ನನ್ನು ಕರುಣೆಯಿಂದ ನೋಡಿದಳು. "ಇವನ ಅವನು ಬಾಯಾರ. ನೀವು ಡಾಕ್ಟರಾಗಿ ಇಷ್ಟೂ ತಿಳಿಯಂಗಿಲ್ಲೇನ್ರಿ?"

ಮರಿ ಗುತ್ತೆಪ್ಪನಿಗೆ ಸೂಜಿ ಹಾಕಿದೆ. ತಂಬಾಕು ಸೇದುವವನ ಗಂಟಲಿನಲ್ಲಿಯೇ ಅತ್ತ. ಆಮೇಲೆ ಕಾರ್ಡಿನ ಮೂಲೆ ನೋಡಿದೆ. ತೀರಿಕೊಂಡವರ ತೂತು ಇಡಿಯಾಗಿ ದುಂಡಗಿತ್ತು.

ಡಿಸೆಂಬರ್ ೭

ಬೀರಪ್ಪನ ವಿಚಾರಣೆ. ನಾನು ನ್ಯಾಯಾಧೀಶೆಯಂತೆ ಕುಳಿತೆ. ಅವನು ಆರೋಪಿಯಂತೆ ನಿಲ್ಲಲಿಲ್ಲ.

"ಸತ್ತವರ ಮೂಲಿಗೆ ಕತ್ತರಿ ಹಾಕಬೇಕಂತ ಹೇಳಿರಲಿಲ್ಲೇನ್ರಿ, ಬೀರಪ್ಪ?"

"ಹೇಳಿದ್ರಿ. ಹಾಕೇನಿ."

"ಎಷ್ಟು ಮಂದಿಗೆ?"

"ಯಾರ ಮನ್ಯಾಗ ಆ ಹೆಸರಿನ ಕೂಸು ಇಲ್ಲ, ಅವರಿಗೆಲ್ಲಾ ಹಾಕೇನ್ರಿ." ಆಮೇಲೆ ದನಿ ತಗ್ಗಿಸಿ ಹೇಳಿದ: "ಬಾಯಾರ, ಕಾರ್ಡಿನ ಮ್ಯಾಲ ಗುತ್ತೆಪ್ಪ ಅಂತ ಐತಿ. ಗುತ್ತೆಪ್ಪ ಅಲ್ಲೆ ತೊಟ್ಲದಾಗ ಕೈಕಾಲು ಆಡಿಸ್ಕೋಂತ ಮಲಗ್ಯಾನ. ಅವನ ಹೆಸರಿಗೆ ಸಾವಿನ ಕತ್ತರಿ ಹಾಕ್ಲೇನ್ರಿ? ನಾಳೆ ಕೂಸಿಗೆ ಏನರ ಆದ್ರ ಅವರವ್ವಗ ನಾ ಏನ್ ಹೇಳ್ಲಿ?"

ಬಿಬಿಜಾನಳ ಕಡೆ ನೋಡಿದೆ. ಆಕೆ ಗಾಜಿನ ಸಿರಿಂಜು ಕುದಿಸುವುದರಲ್ಲಿ ಅತಿಯಾಗಿ ಮಗ್ನಳಾಗಿದ್ದಳು. ಕೊನೆಗೆ, "ಹೊಸಾ ಕಾರ್ಡು ಕೊಟ್ರ ತೊಗೊಳ್ಳಂಗಿಲ್ಲರಿ ಡಾಕ್ಟರಬಾಯಾರ. ಅಜ್ಜನ್ನ ಮನಿ ಬಿಡಿಸಿ ಹೊರಗ ಹಾಕಿದಂಗ ಆಗತೈತಿ ಅಂತಾರ. ನಮ್ಮ ಸವಣೂರಾಗೂ ಹಂಗ" ಎಂದಳು.

ಅಂದರೆ ಮಾಸೂರಿನಲ್ಲಿ ಜನ ಎಲ್ಲೆಡೆಯಂತೆಯೇ ಸಾಯುತ್ತಿದ್ದಾರೆ. ನನ್ನ ಕಾರ್ಡಿನ ಡಬ್ಬಿಯಲ್ಲಿ ಮಾತ್ರ ಸಾಯುತ್ತಿಲ್ಲ. ಪೋಲಂಡ್, ಹಂಗೇರಿ, ಝೆಕೊಸ್ಲೊವಾಕಿಯಾಗಳು ಬೆರಗಾದ ಕೋಷ್ಟಕ ಮಾಸೂರಿನ ತೊಟ್ಟಿಲುಗಳಿಂದ ತಯಾರಾಗಿದೆ. ಅಜ್ಜಿಯ ಹೆಸರು ಹೊತ್ತು ಹುಟ್ಟಿದ ನನಗೇ ಇದು ಹೊಳೆಯಲಿಲ್ಲ ಎಂಬುದನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಡಿಸೆಂಬರ್ ೨೩, ರವಿವಾರ

ಮನೆಮನೆಗೆ ಹೋಗಿ ಸತ್ತವರನ್ನು ಹುಡುಕುವ ಕಾರ್ಯ ನಡೆದಿದೆ. ಪ್ರಶ್ನೆ ಸರಳ: ಕಾರ್ಡಿನಲ್ಲಿರುವವರು ಇದ್ದಾರೆಯೇ? ಉತ್ತರ ಎಲ್ಲೆಡೆಯೂ ಒಂದೇ: "ಇದಾರಲ್ರಿ." ಕರೆದರೆ ಅಂಬೆಗಾಲಿನಲ್ಲಿ ಬರುತ್ತಾರೆ.

ಪೀರಸಾಬನ ಮನೆಯಲ್ಲಿ ಎಚ್ಚರಿಕೆಯಿಂದ, ಮೆತ್ತಗೆ ದುಃಖದ ಮುಖ ಮಾಡಿಕೊಂಡು, "ಪೀರಸಾಬರು ಯಾವಾಗ..." ಎಂದು ಶುರು ಮಾಡಿದೆ. ಹೊರಸಿನ ಮೇಲಿನ ಕೌದಿ ಎದ್ದು ಕುಳಿತಿತು. "ಯಾಕ್ರಿ ಬಾಯಾರ, ಅಷ್ಟು ಅವಸರ ಏನೈತಿ? ಚಾ ಕುಡದರ ಹೋಗ್ತೇನಿ. ನೀವೂ ಕುಡೀರಿ." ಕುಡಿದೆವು. ಬೀರಪ್ಪ ದಾರಿಯುದ್ದಕ್ಕೂ ನಕ್ಕ.

ಅವ್ವ ನನ್ನ ಈ ಉದ್ಯೋಗವನ್ನು ಒಪ್ಪಿಲ್ಲ. ಕಾಲು ಬಾತಿವೆ, ಗೋಡೆಗೆ ಒರಗಿ ಕೂರುತ್ತಾಳೆ, ನಾಲಗೆಗೆ ಮಾತ್ರ ಯಾವ ರೋಗವೂ ಇಲ್ಲ.

"ಬದುಕಿದವರನ್ನ ನೋಡೂ ಡಾಕ್ಟರ್ ಇರತಾರ. ಸತ್ತವರ್‍ನ ಹುಡುಕ್ಕೋಂತ ಹೋಗೂ ಡಾಕ್ಟರು ನೀ ಒಬ್ಬಾಕಿನ."

"ಲೆಕ್ಕ ತಪ್ಪೈತಿ ಅವ್ವ."

"ಏನ್ ತಪ್ಪೈತಿ? ಹೋದವರು ಹೊಳ್ಳಿ ಮನಿಗೆ ಬಂದಾರ. ನಿನ್ನ ಕಾರ್ಡು ಅದನ್ನ ಬರಕೊಂಡೈತಿ. ಕಾರ್ಡಿಗೆ ಇರೂ ಬುದ್ಧಿ ನಿನಗಿಲ್ಲ ನೋಡು." ಬಾತ ಕಾಲು ನೀವಿಕೊಳ್ಳುತ್ತ ಕೇಳಿದಳು: "ನನ್ನ ಕಾರ್ಡಿಗೂ ಕತ್ತರಿ ಹಾಕ್ತಿಯೇನು?"

"ಹಾಕ್ತೇನಿ. ನಿಯಮ ಎಲ್ಲಾರಿಗೂ ಒಂದ."

"ಹಾಕು. ನೋಡೂಣು" ಎಂದು ಬೊಚ್ಚುಬಾಯಲ್ಲಿ ನಕ್ಕಳು.

೧೯೮೦ ಜನವರಿ ೧೮

ಪ್ರೊಫೆಸರರು ಹುಬ್ಬಳ್ಳಿಯಿಂದ ಕಾರಿನಲ್ಲಿ ಬಂದರು. ಕಾರ್ಡು ನೋಡಿದರು, ದಬ್ಬಣ ಎತ್ತಿದರು, ಬಸುರಿಯರು ಉದುರಿದ್ದನ್ನು ಕಂಡು ಮಗುವಿನಂತೆ ಚಪ್ಪಾಳೆ ತಟ್ಟಿದರು. ಒಳ್ಳೆಯವರು. ಅವ್ವ ಎದ್ದು ನಿಲ್ಲಲಾರದಿದ್ದರೂ ರೊಟ್ಟಿ ಬಡಿದಳು. ಅವರು ಎಣಗಾಯಿಯ ಖಾರಕ್ಕೆ ಕಣ್ಣೀರು ಸುರಿಸುತ್ತ ಇನ್ನೊಂದು ಕೇಳಿದರು.

ಊಟದ ನಂತರ ಹೇಳಿದೆ. ತೊಟ್ಟಿಲುಗಳ ವಿಷಯ, ಎಲ್ಲವನ್ನೂ.

ಬಹಳ ಹೊತ್ತು ಕೈ ಒರೆಸಿಕೊಂಡರು. ಕಾರ್ಡಿನ ಪದ್ಧತಿಯೇನೂ ತಪ್ಪಲ್ಲವಲ್ಲ ಎಂದರು. ತಪ್ಪಲ್ಲ ಎಂದೆ. ಆದರೆ ಮೇಲಿನವರು ಯೋಜನೆಗೆ ಒಪ್ಪಿರುವುದು ಆ ಕೊನೆಯ ಕೋಷ್ಟಕವನ್ನು ನೋಡಿ. ಈಗ ತಿದ್ದುಪಡಿ ಅಚ್ಚಾದರೆ ಎಲ್ಲ ನಿಲ್ಲುತ್ತದೆ. ಯೋಜನೆ ಶುರುವಾಗಲಿ, ಮುಂದೆ ಯಾವಾಗಲಾದರೂ, ಸದ್ದಿಲ್ಲದೆ, ಅಡಿಟಿಪ್ಪಣಿಯಲ್ಲಿ ಸರಿಮಾಡೋಣ ಎಂದರು. ಮುಂಬಯಿಯ ನನ್ನ ಕೋಣೆಯ ಕಿಟಕಿಯಿಂದ ಸಮುದ್ರ ಕಾಣುತ್ತದೆ ಎಂದೂ ಸೇರಿಸಿದರು.

ಹನ್ನೆರಡು ತಾಲೂಕುಗಳಲ್ಲಿ ಕಾರ್ಡು ಇಟ್ಟಲ್ಲೆಲ್ಲ ಸಾವು ಕಡಿಮೆಯಾಯಿತೆಂದು ಬರೆದುಕೊಂಡು ಎಲ್ಲರೂ ಸುಮ್ಮನೆ ಕುಳಿತರೆ? ಗುತ್ತೆಪ್ಪಜ್ಜನ ಎದೆಯಲ್ಲಿ ಯಾವ ರೋಗವಿತ್ತೆಂದು ಯಾರು ಕೇಳುತ್ತಾರೆ? ಅವನು ಸತ್ತೇ ಇಲ್ಲವಲ್ಲ.

ಕಾರು ಕೆರೆಯ ಏರಿ ದಾಟುವವರೆಗೂ ನಿಂತು ನೋಡಿದೆ. ಮಡಗದ ಕೆರೆ ತುಂಬಿದೆ. ನಮಗೂ ಒಂದು ಕಿಟಕಿ ಇದೆ, ಅದರಿಂದ ಇಷ್ಟು ನೀರು ಕಾಣುತ್ತದೆ.

ಜನವರಿ ೨೧

ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ಸತ್ತವರ ಮೂಲೆಗಳನ್ನು ಮೊದಲು ನಾನೇ ಕತ್ತರಿಸಿದೆ. ಬೀರಪ್ಪ ಕತ್ತರಿ ಮುಟ್ಟಲಿಲ್ಲ, ಬೆನ್ನು ತಿರುಗಿಸಿ ಶೀಷೆಗಳಿಗೆ ಚೀಟಿ ಅಂಟಿಸುತ್ತಿದ್ದ. ಕೂಸುಗಳಿಗೆಲ್ಲ ಹೊಸ ಕಾರ್ಡು. ದಬ್ಬಣ ಎತ್ತಿದರೆ ಈಗ ಮಾಸೂರಿನವರು ಸರಿಯಾಗಿ ಉದುರುತ್ತಾರೆ. ವಿಜ್ಞಾನಕ್ಕೆ ಜಯವಾಗಲಿ.

ಗುತ್ತೆಪ್ಪಜ್ಜನದನ್ನು ಕತ್ತರಿಸುವಾಗ ಕೈ ಸ್ವಲ್ಪ ತಡೆಯಿತು. ರಟ್ಟು ದಪ್ಪಗಿತ್ತು, ಅದಕ್ಕೆ.

ಫೆಬ್ರವರಿ ೧೦

ಅವ್ವನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ ತೋರಿಸಿ ಬಂದೆ. ಅಲ್ಲಿನ ಹೃದಯದ ಡಾಕ್ಟರು ಹೇಳಿದ್ದು ನನಗೆ ಗೊತ್ತಿದ್ದದ್ದೇ.

ದಮ್ಮು ಹೆಚ್ಚಾದಾಗ ಮಲಗಲಾಗುವುದಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದರೆ ಹಗಲೆಲ್ಲ ಶಿಗ್ಗಾಂವದ ಮಾತು. ನನಗೂ ಎಲ್ಲ ನೆನಪಾಗುತ್ತದೆ. ಚೀಲ ಬಿದ್ದಾಗಿನ ಧಪ್ ಸದ್ದು, ಬಿಸಿಲಲ್ಲಿ ಹಾರುವ ಜೋಳದ ಧೂಳು, ಅಪ್ಪನ ಹೆಗಲ ಮೇಲಿನ ಕೊಕ್ಕೆ. ಚೀಲಗಳ ಅಟ್ಟಿಯ ನೆರಳಲ್ಲಿ ನಾನು ಮಲಗಿರುತ್ತಿದ್ದೆ. ಪಕ್ಕದಲ್ಲಿ ದಬ್ಬಣದ ಸರ್ರ್ ಸರ್ರ್. ಅದು ನಿಂತರೆ ಎಚ್ಚರವಾಗುತ್ತಿತ್ತು. ಶಾಲೆಗೆ ಸೇರಿಸಿದಾಗ ಅದೇ ದಬ್ಬಣದಿಂದ ಗೋಣಿತಟ್ಟಿನ ಪಾಟಿಚೀಲ ಹೊಲಿದುಕೊಟ್ಟಿದ್ದಳು. ಬ್ರಾಹ್ಮಣರ ಓಣಿಯ ಹುಡುಗಿಯರು ಮೂಗು ಮುಚ್ಚಿಕೊಂಡಾಗ ಅತ್ತುಕೊಂಡು ಬಂದಿದ್ದೆ. "ಅವರ ಚೀಲದಾಗ ಪಾಟಿ ಅಷ್ಟ ಹಿಡಿತಾವ. ನಿಂದರಾಗ ಒಂದು ಪಲ್ಲ ಜ್ವಾಳ ಹಿಡಿತಾವ, ಹೋಗ ಹೇಳು" ಎಂದಿದ್ದಳು. ಹೋಗಿ ಹೇಳಿಯೂ ಇದ್ದೆ.

ಅಣ್ಣ ಗುಡ್ಡಪ್ಪ ಬಂಕಾಪುರದಿಂದ ಬಂದಿದ್ದ. ಹಗ್ಗ-ಗೋಣಿಯ ಅಂಗಡಿ ಮುಚ್ಚಿ ಬಂದವನು ಅವ್ವನ ಕಾಲು ಒತ್ತುತ್ತ ಕುಳಿತ. ಅತ್ತಿಗೆ ಯಂಕವ್ವ ಐದು ತಿಂಗಳ ಬಸುರಿ, ಹಾನಗಲ್ಲಿನ ತವರಿಗೆ ಹೋಗಿದ್ದಾಳಂತೆ. ಅವ್ವನಿಗೆ ಅದೊಂದೇ ವಿಚಾರಣೆ. "ಹುಳಿ ಬೇಡತಾಳೋ, ಸಿಹಿ ಬೇಡತಾಳೋ?"

ಮುಂಬಯಿಯಿಂದ ಪತ್ರ. ಯೋಜನೆ ನಿಂತಿತು. ವಿಷಾದವಿದೆಯಂತೆ. ಅದನ್ನು ಓದುವಾಗ ಅವ್ವನ ಔಷಧಿಯ ಹೊತ್ತಾಗಿತ್ತು.

ಮಾರ್ಚ್ ೯, ರವಿವಾರ

ಬೆಳಿಗ್ಗೆ ಚ್ಯಾ ಮಾಡು ತಂಗೆವ್ವಾ ಎಂದಳು. ಮಾಡಿಕೊಂಡು ಬಂದೆ.

ಮಾರ್ಚ್ ೨೮

ಕೆಲಸಕ್ಕೆ ಬಂದೆ. ಜನ ಒಂದೊಂದು ಸೇರು ಜೋಳ, ಬೆಲ್ಲ ತಂದಿಟ್ಟು, ಕುಳಿತು ಹೋದರು. ಪೀರಸಾಬ ಕೋಲೂರಿಕೊಂಡು ಬಂದು, "ಚಾ ಕುಡದರ ಹೋಗಬೇಕಾಗಿತ್ತು ನಿಮ್ಮವ್ವ" ಎಂದ.

ಅವ್ವನ ಕಾರ್ಡು ತೆಗೆದೆ. ಭರಮವ್ವ, ಹೆಣ್ಣು, ೧೯೭೪ರಲ್ಲಿ ವಯಸ್ಸು ಅರವತ್ತು. ಮೊಣಕಾಲು, ಕೆಮ್ಮು, ದಮ್ಮು. ನಿಯಮ ಎಲ್ಲರಿಗೂ ಒಂದೇ.

ಕತ್ತರಿ ಮೊಂಡಾಗಿದೆ. ಇಂಥ ಕತ್ತರಿಯಿಂದ ಕತ್ತರಿಸಿದರೆ ಅಂಚು ಹರಿದು ಕಾರ್ಡು ಕೆಡುತ್ತದೆ, ಅದು ವೈಜ್ಞಾನಿಕವಲ್ಲ. ಹಿರೇಕೆರೂರಿಗೆ ಹೋದಾಗ ಸಾಣೆ ಹಿಡಿಸಬೇಕು.

ಏಪ್ರಿಲ್ ೧೬

ಹಿರೇಕೆರೂರಿಗೆ ಹೋಗಿದ್ದೆ. ಕತ್ತರಿ ಒಯ್ಯುವುದು ಮರೆಯಿತು.

ಜುಲೈ ೬, ರವಿವಾರ. ಬಂಕಾಪುರ

ಹೆಣ್ಣು. ಇಂದು ತೊಟ್ಟಿಲಿಗೆ ಹಾಕಿದರು. ಯಾವ ಹೆಸರು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಸೋದರತ್ತೆಯಾದ ನಾನೇ ಕಿವಿಯಲ್ಲಿ ಹೆಸರು ಹೇಳಬೇಕು, ನಾನೇ ಹೇಳಿದೆ. ಕೋಟೆಯ ಕಡೆಯಿಂದ ಒಂದು ನವಿಲು ಅದೇ ಹೊತ್ತಿಗೆ ಕೂಗಿ ನನ್ನ ದನಿ ಮುಚ್ಚಿಹಾಕಿತು. ಎರಡನೆಯ ಸಲ ಹೇಳಬೇಕಾಯಿತು. ಎರಡನೆಯ ಸಲ ಸ್ವಲ್ಪ ಕಷ್ಟವಾಯಿತು.

ಅತ್ತಿಗೆಯನ್ನು ಕಾಡಿಸಿದೆ. "ಕೂಸಿನ ಹೆಸರು ಏನಿಟ್ರಿ ಯಂಕವ್ವ? ಹೇಳ್ರಿ ನೋಡೂಣು."

"ಹೋಗ್ರಿ ನೀವು! ನಮ್ಮ ಅತ್ತಿಯವರ ಹೆಸರು ನಾ ಹೆಂಗ ಹೇಳ್ಲಿ?"

"ಮತ್ತ ಏನಂತ ಕರೀತೀರಿ?"

"ತಂಗೆವ್ವ ಅಂತೇನಿ."

ಚೆನ್ನಾಯಿತು. ಇನ್ನೊಬ್ಬಳು ಹೆಸರಿಲ್ಲದೆ ಬೆಳೆಯುತ್ತಾಳೆ.

ಅಕ್ಟೋಬರ್ ೧೩

ತಿದ್ದುಪಡಿ ಅಚ್ಚಾಗಿ ಬಂತು. ಅರ್ಧ ಪುಟ. ಈ ಸಲ ಪಾರ್ಸೆಲ್ಲಿಗೆ ಮೆಣಸಿನಕಾಯಿ ತಗಲಿರಲಿಲ್ಲ. ಯಾರೂ ಸೀನಲಿಲ್ಲ. ಬೆರಳಿಟ್ಟು ಹೆಸರು ಓದಿಸುವವರೂ ಇರಲಿಲ್ಲ.

ಯಂಕವ್ವ ಕೂಸಿನೊಡನೆ ನಾಲ್ಕು ದಿನ ಇರಲು ಬಂದಿದ್ದಾಳೆ. ಸೂಜಿ ಹಾಕಿಸಲು ಕೇಂದ್ರಕ್ಕೆ ಕರೆತಂದಳು. ಬಿಬಿಜಾನ ಹೆಸರು ಕೇಳಿದಳು. ಯಂಕವ್ವ ಸೆರಗು ಕಚ್ಚಿಕೊಂಡು, "ನಮ್ಮ ಅತ್ತಿಯವರದ ರೀ" ಎಂದಳು. ಬಿಬಿಜಾನ ನನ್ನ ಮುಖ ನೋಡಿದಳು. ಬೀರಪ್ಪ ಶೀಷೆಗಳ ಕಡೆ ತಿರುಗಿಕೊಂಡ.

ಹೊಸ ಕಾರ್ಡುಗಳ ಕಟ್ಟು ಮೇಲಿನ ಅಟ್ಟದಲ್ಲಿತ್ತು. ಏಣಿ ತರಬೇಕು, ಹತ್ತಬೇಕು, ಇಳಿಯಬೇಕು. ಸರಕಾರಿ ಸಮಯ ಹಾಳು. ಆದ್ದರಿಂದ ಸದ್ಯಕ್ಕೆ, ಕೈಗೆ ಸಿಕ್ಕ ಹಳೆಯ ಕಾರ್ಡಿನ ಮೇಲೆಯೇ ದಮ್ಮಿನ ಕೆಳಗೆ ಬರೆಯಲು ಹೇಳಿದೆ: ನಾಯಿಕೆಮ್ಮಿನ ಲಸಿಕೆ, ಮೊದಲನೆಯದು. ಇದು ತಾತ್ಕಾಲಿಕ ವ್ಯವಸ್ಥೆ ಎಂದು ಇಲ್ಲಿ ಸ್ಪಷ್ಟಪಡಿಸುತ್ತೇನೆ.

೧೯೮೪ ಮೇ ೧೯, ಶನಿವಾರ. ಮಾಸೂರು

ಈ ದಿನಚರಿ ಅವ್ವನ ಟ್ರಂಕಿನಲ್ಲಿ, ಗೋಣಿತಟ್ಟಿನ ಪಾಟಿಚೀಲದ ಜೊತೆ ಸಿಕ್ಕಿತು. ನಡುವೆ ಮೂರೂವರೆ ವರ್ಷ ಖಾಲಿ. ಪ್ರಸಿದ್ಧಿ ಬರಲಿಲ್ಲವಾಗಿ ದಿನಚರಿಯ ಅಗತ್ಯ ಬಿದ್ದಿರಲಿಲ್ಲ. ಇಂದು ಅದು ತಡವಾಗಿ ಬಂದಂತಿದೆ, ದಾಖಲಿಸುತ್ತೇನೆ.

ಧಾರವಾಡದಿಂದ ಇಬ್ಬರು ಬಂದಿದ್ದರು. ನನ್ನ ಕಾರ್ಡುಗಳನ್ನೆಲ್ಲ ಕಂಪ್ಯೂಟರಿಗೆ ತುಂಬುತ್ತಾರಂತೆ. ಅವರ ಕೈಯಲ್ಲಿ ಒಂದು ದಪ್ಪ ವಿಲಾಯತಿ ಪುಸ್ತಕ. ಅದರೊಳಗೆ ನಾನಿದ್ದೇನೆ! ನನ್ನ ಲೇಖನವಲ್ಲ, ಅದನ್ನು ಲೋಕ ಮರೆತಿದೆ. ಅರ್ಧ ಪುಟದ ತಿದ್ದುಪಡಿ ಮಾತ್ರ ಉಳಿದಿದೆ. ಒಂದೇ ಹೆಸರಿನಡಿ ಇಬ್ಬರ ದಾಖಲೆ ಕೂಡಿಹೋಗುವುದಕ್ಕೆ ಆ ಪುಸ್ತಕದವರು ಮಾಸೂರಿನ ದೋಷವೆಂದು ನಾಮಕರಣ ಮಾಡಿದ್ದಾರೆ. ಊರಿಗೆ ಒಳ್ಳೆಯ ಹೆಸರು ತಂದೆನೆಂದು ಬೀರಪ್ಪನಿಗೆ ಹೇಳಿದೆ. "ದೋಷ ಅಂತ ಯಾಕಂತಾರ್ರಿ?" ಎಂದು ಅವನಿಗೆ ಈಗಲೂ ಸಿಟ್ಟು.

"ಮೊದಲು ತೀರಿಕೊಂಡವರನ್ನ ಬ್ಯಾರೆ ಮಾಡೂಣ್ರಿ ಮೇಡಂ" ಎಂದರು. ಕಟ್ಟುಗಳನ್ನು ಜೋಡಿಸಿ ಮೂಲೆಯ ತೂತಿಗೆ ಅವ್ವನ ದಬ್ಬಣ ಪೋಣಿಸಿ ಎತ್ತಿದೆ. ಹತ್ತು ವರ್ಷದ ಮಾಸೂರು ತಟತಟ ಉದುರಿತು. ಗುತ್ತೆಪ್ಪಜ್ಜ ಉದುರಿದ. ಹೋದ ಮಳೆಗಾಲದಲ್ಲಿ ಚಹಾ ಕುಡಿದೇ ಹೊರಟ ಪೀರಸಾಬನೂ ಉದುರಿದ. ಉಳಿದವರು ದಬ್ಬಣಕ್ಕೆ ಜೋತುಕೊಂಡು ಅಲ್ಲಾಡುತ್ತಿದ್ದರು.

ಜೋತುಕೊಂಡವರನ್ನು ಒಂದೊಂದಾಗಿ ನೋಡುತ್ತಿದ್ದ ಧಾರವಾಡದವರಲ್ಲಿ ಒಬ್ಬ ಒಂದು ಕಾರ್ಡಿಗೆ ಬಂದು ನಿಂತ. "ಭರಮವ್ವ. ಈಗ ಎಪ್ಪತ್ತ ವರ್ಷ. ಮೊಣಕಾಲು ನೋವು... ದಮ್ಮು... ನಾಯಿಕೆಮ್ಮಿನ ಲಸಿಕೆ... ಹಲ್ಲು ಬರೂ ಮುಂದ ಭೇದಿ..." ಓದುತ್ತ ಅವನ ದನಿ ಸಣ್ಣದಾಯಿತು. "ಹೋದ ವರ್ಷ, ಮೂಗಿನ್ಯಾಗ ಜ್ವಾಳದ ಕಾಳು ಸಿಕ್ಕಿದ್ದು ತಗದದ್ದು." ತಲೆ ಎತ್ತಿದ. "ಮೇಡಂ, ಇದು ಅದ ಅಲ್ರಿ? ನೀವು ಬರದ ದೋಷ?"

ಪುಸ್ತಕ ಅವನ ಮಡಿಲಲ್ಲೇ ತೆರೆದಿತ್ತು.

"ಅಲ್ಲ. ನಮ್ಮಲ್ಲಿ ಕತ್ತರಿ ಮೊಂಡಾಗೈತಿ. ಸಾಣೆ ಹಿಡಿಸಬೇಕು" ಎಂದೆ.

ಬಿಬಿಜಾನ ಮುಖ ತಿರುಗಿಸಿ ಸೆರಗಿನಲ್ಲಿ ನಕ್ಕಳು. ಅವನಿಗೆ ಏನೂ ತಿಳಿಯಲಿಲ್ಲ. ಅಷ್ಟರಲ್ಲಿ ಹೊರಗಿನಿಂದ, ಕಟ್ಟೆಯ ಮೇಲಿನಿಂದ ಕೂಗು:

"ಕರೆವ್ವಾ! ಏ ಕರೆವ್ವಾ!"

ಬೇಸಿಗೆ ಸೂಟಿಗೆ ಬಂದಿರುವ ಅಣ್ಣನ ಮಗಳು. ಅಣ್ಣ ಕರೆಯುವುದನ್ನು ಕೇಳಿ ಕಲಿತಿದ್ದಾಳೆ. ಯಂಕವ್ವ ಓಡಿ ಬಂದು, "ಹಂಗನಬಾರದು ತಂಗೆವ್ವಾ. ಅತ್ತಿ ಅನಬೇಕು. ಅವರು ಡಾಕ್ಟರಬಾಯಾರ" ಎಂದು ಗದರಿದಳು. ಕೂಸು ಒಂದು ಗಳಿಗೆ ಯೋಚಿಸಿ, ಇನ್ನೂ ಗಟ್ಟಿಯಾಗಿ ಕೂಗಿತು.

"ಕರೆವ್ವಾ, ಬಾ ಇಲ್ಲೆ! ಎಷ್ಟೊತ್ತು?"

ಯಂಕವ್ವ ಕೈ ಎತ್ತಿದಳು. ಬ್ಯಾಡ ಬಿಡ್ರಿ, ಕರೀಲಿ ಅಂದೆ.

ಆ ಕಾರ್ಡನ್ನು ಜೀವಂತ ಇರುವವರ ಕಟ್ಟಿನಲ್ಲಿ ಇಡಿ ಎಂದು ಧಾರವಾಡದವರಿಗೆ ಹೇಳಿ, "ಬಂದೆ ಅವ್ವಾ" ಎನ್ನುತ್ತ ಎದ್ದು ಹೊರಗೆ ಹೋದೆ.